ಹಿಮ್ಮಡಿಯ ನೋವು: ಸ್ಕ್ಯಾನಿಂಗ್‌ನಲ್ಲಿ ಕಾಣುವ ಬಣ್ಣ ಏನು ಹೇಳುತ್ತದೆ?

ಹಿಮ್ಮಡಿಯ ಹಿಂದೆ ನೋವು ಬಂದರೆ 'ನರ ಎಳೆದಿದೆ' ಅಂತ ಹೇಳುವುದು ನಮ್ಮಲ್ಲಿ ರೂಢಿ. ನಿಜಕ್ಕೂ ಅದು ನರವಲ್ಲ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಗಟ್ಟಿ ಹಗ್ಗ ಅದು. ಕನ್ನಡದಲ್ಲಿ ಸ್ನಾಯುರಜ್ಜು ಎನ್ನುತ್ತಾರೆ, ವೈದ್ಯರ ಚೀಟಿಯಲ್ಲಿ ಅಕಿಲಿಸ್ ಟೆಂಡನ್ ಎಂದಿರುತ್ತದೆ. ಓಟಗಾರರಿಗೇ ಹೆಚ್ಚಾಗಿ ಬರುವ ತೊಂದರೆ ಇದು, ಆದರೆ ಓಡದವರನ್ನೂ ಬಿಡುವುದಿಲ್ಲ. ಬೆಳಿಗ್ಗೆ ಎದ್ದಾಗ ಬಿಗಿತ, ಮುಟ್ಟಿದರೆ ನೋವು, ಕೆಲವರಿಗೆ ಸಣ್ಣ ಗಂಟಿನಂತಹ ಊತ. (ಅಂಗಾಲಿನ ಕಡೆ ಹಿಮ್ಮಡಿ ನೋಯುವುದು ಬೇರೆ ಕಾಯಿಲೆ.)

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಅಂದರೆ ನಮಗೆ ಬಸುರಿಯರ ನೆನಪಾಗುತ್ತದೆ. ಅದೇ ಬಗೆಯ ಯಂತ್ರದಿಂದ ರಜ್ಜು ದಪ್ಪವಾಗಿದೆಯೇ, ಅದರ ಎಳೆಗಳು ಕೆದರಿವೆಯೇ ಎಂದೂ ನೋಡಬಹುದು. ಜೊತೆಗೆ ಡಾಪ್ಲರ್ ಎಂಬ ಸೌಲಭ್ಯವಿದ್ದರೆ ರಕ್ತದ ಹರಿವೂ ಕಾಣುತ್ತದೆ. ಹಾರ್ನ್ ಹೊಡೆಯುತ್ತಾ ಬರುವ ಬಸ್ಸಿನ ಸದ್ದು ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದಲ್ಲವೇ? ಈ ತತ್ವವನ್ನು 1842ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದರು. ಹರಿಯುವ ರಕ್ತಕ್ಕೆ ತಾಗಿ ಮರಳುವ ಧ್ವನಿಯಲ್ಲಿಯೂ ಇಂಥದೇ ಬದಲಾವಣೆ ಆಗುತ್ತದೆ. ಯಂತ್ರ ಅದನ್ನು ಹಿಡಿದು ಬಣ್ಣ ಹಾಕಿ ತೋರಿಸುತ್ತದೆ.

ಆರೋಗ್ಯವಾದ ರಜ್ಜುವಿನಲ್ಲಿ ರಕ್ತ ಓಡಾಡುವುದು ಬಹಳ ಕಡಿಮೆ. 2001ರಲ್ಲಿ ಸ್ವೀಡನ್ ದೇಶದ ಉಮಿಯೊದ ಓಬರ್ಗ್, ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು, ಬಹುಕಾಲ ನೋಯುತ್ತಿದ್ದ ರಜ್ಜುಗಳಲ್ಲಿ ಹೊಸ ರಕ್ತನಾಳಗಳು ಬೆಳೆದಿರುವುದನ್ನು ಡಾಪ್ಲರ್‌ನಿಂದ ತೋರಿಸಿದರು. 'ರಕ್ತ ಬಂದರೆ ಗಾಯ ಮಾಯುತ್ತದಲ್ಲ, ಒಳ್ಳೆಯದೇ ತಾನೇ?' ಎಂದು ಯಾರಿಗಾದರೂ ಅನಿಸಬಹುದು. ಇಲ್ಲಿ ಲೆಕ್ಕ ಅಷ್ಟು ಸರಳವಲ್ಲ. ಈ ನಾಳಗಳ ಜೊತೆಯಲ್ಲಿ ಸೂಕ್ಷ್ಮ ನರಗಳೂ ಒಳಗೆ ನುಗ್ಗುತ್ತವೆ, ನೋವಿಗೆ ಅವೂ ಕಾರಣವಿರಬಹುದು ಎಂಬುದು ಅವರ ವಾದ. ಆ ನಾಳಗಳನ್ನೇ ಮುಚ್ಚಿಸುವ ಇಂಜೆಕ್ಷನ್ನೂ ಬಂತು. ಆದರೆ ಮುಂದಿನ ಅಧ್ಯಯನಗಳಲ್ಲಿ ನೋವೇ ಇಲ್ಲದ ಕೆಲವರಲ್ಲಿ ಬಣ್ಣ ಕಂಡಿತು, ನೋವಿದ್ದ ಕೆಲವರಲ್ಲಿ ಕಾಣಲಿಲ್ಲ. ಹಾಗಾಗಿ ವರದಿ ಮಾತ್ರ ನೋಡಿ ಹೆದರುವುದೂ ಬೇಡ, ಇಂಜೆಕ್ಷನ್‌ಗೆ ಅವಸರ ಪಡುವುದೂ ಬೇಡ.

ಸ್ಕ್ಯಾನ್ ಮಾಡುವ ಕೈಯೂ ಮುಖ್ಯ. ಹಿಡಿಕೆಯನ್ನು ಒತ್ತಿ ಹಿಡಿದರೆ ಸಣ್ಣ ನಾಳಗಳು ಅಪ್ಪಚ್ಚಿಯಾಗಿ ಬಣ್ಣ ಮಾಯವಾಗುತ್ತದೆ. ಪಾದವನ್ನು ಮೇಲಕ್ಕೆ ಬಗ್ಗಿಸಿ ರಜ್ಜು ಬಿಗಿಯಾದಾಗಲೂ ಹಾಗೆಯೇ. ಜೆಲ್ ಧಾರಾಳವಾಗಿ ಹಚ್ಚಿ, ಕಾಲು ಸಡಿಲ ಬಿಡಿಸಿ, ಹಗುರವಾಗಿ ನೋಡಬೇಕು. ಪರೀಕ್ಷೆಗೆ ಸ್ವಲ್ಪ ಮೊದಲು ಓಡಿದ್ದರೆ ಹರಿವು ಹೆಚ್ಚು ಕಾಣಬಹುದು, ಅದನ್ನು ಮೊದಲೇ ಹೇಳಿಬಿಡಿ.

ಚಿಕಿತ್ಸೆಯಲ್ಲಿ ವ್ಯಾಯಾಮದ್ದೇ ದೊಡ್ಡ ಪಾಲು. 1998ರಲ್ಲಿ ಆಲ್ಫ್ರೆಡ್‌ಸನ್ ತಂಡ ಪ್ರಕಟಿಸಿದ ಕ್ರಮ ಹೀಗಿದೆ: ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮೇಲೇಳಲು ಇನ್ನೊಂದು ಕಾಲು ಬಳಸುವುದು. 15ರಂತೆ 3 ಸುತ್ತು, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಒಮ್ಮೆ, ದಿನಕ್ಕೆರಡು ಸಲ, 12 ವಾರ. ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಮೇಲೆ ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ. ತಾಳ್ಮೆ ಮಾತ್ರ ಬೇಕು. ಮೂರು ತಿಂಗಳ ನಂತರ ನೋವಿಲ್ಲದೆ ಕೆಲಸ ಮಾಡುತ್ತಿದ್ದೀರಾದರೆ, ಬಣ್ಣ ಹೋಯಿತೋ ಇಲ್ಲವೋ ಎಂದು ನೋಡಲಿಕ್ಕೇ ಮತ್ತೆ ದುಡ್ಡು ಹಾಕುವ ಮೊದಲು 'ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?' ಎಂದು ಡಾಕ್ಟರನ್ನು ಕೇಳಿ.

ಹಿಂದಿನಿಂದ ಯಾರೋ ಒದ್ದಂತೆ 'ಫಟ್' ಎಂದು ತಟ್ಟನೆ ನೋವಾಗಿ, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅದು ಬೇರೆ ಮಾತು. ರಜ್ಜು ಹರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.