ಶಸ್ತ್ರವೈದ್ಯೆಯ ಕೈ ಮತ್ತು ಸನ್ನೆಕೋಲು

ಹುಬ್ಬಳ್ಳಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರಲ್ಲಿ ಡಾ. ವಿಜಯಲಕ್ಷ್ಮಿ ದೇಶಮಾನೆಯವರೂ ಒಬ್ಬರು. ಕಲಬುರಗಿಯ ಬಡ ಕುಟುಂಬದಲ್ಲಿ ಜನಿಸಿದ ಅವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಶಸ್ತ್ರವೈದ್ಯೆಯಾಗಿ ದೀರ್ಘಕಾಲ ಸೇವೆ ಸಲ್ಲಿಸಿ, 2025ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಆದರೂ ಪ್ರಸೂತಿ ವಿಭಾಗವೊಂದನ್ನು ಬಿಟ್ಟರೆ, ಶಸ್ತ್ರವೈದ್ಯವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಹೆಣ್ಣುಮಕ್ಕಳು ನಮ್ಮಲ್ಲಿ ಇಂದಿಗೂ ವಿರಳ. ಇದಕ್ಕೆ ಸಾಮರ್ಥ್ಯದ ಕೊರತೆಯೇ ಕಾರಣವೆ?

ಅಂಕಿಅಂಶಗಳು ಹಾಗೆನ್ನುವುದಿಲ್ಲ. ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಲಕ್ಷಕ್ಕೂ ಮಿಕ್ಕ ರೋಗಿಗಳ ದಾಖಲೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತ್ರೀಯರು ಶಸ್ತ್ರಕ್ರಿಯೆ ನಡೆಸಿದ ರೋಗಿಗಳಲ್ಲಿ 30 ದಿನಗಳೊಳಗಿನ ಮರಣ ತುಸು ಕಡಿಮೆಯೇ ಇತ್ತು. ಆದರೆ ಅದೇ ಪ್ರಾಂತದಲ್ಲಿ ಶಸ್ತ್ರಕ್ರಿಯೆಯ ಪ್ರತಿ ಗಂಟೆಗೆ ಅವರ ಗಳಿಕೆ ಪುರುಷರದಕ್ಕಿಂತ ಶೇಕಡ 24ರಷ್ಟು ಕಡಿಮೆಯೆಂದು 2019ರಲ್ಲಿ ತಿಳಿದುಬಂದಿತು. ಅವರ ಕೈ ನಿಧಾನವಾಗಿರಲಿಲ್ಲ. ಹೆಚ್ಚು ಶುಲ್ಕದ ಶಸ್ತ್ರಕ್ರಿಯೆಗಳು ಅವರ ಪಾಲಿಗೆ ಬಂದುದು ಕಡಿಮೆ.

ಇನ್ನೊಂದು ತೊಡಕು ನಮ್ಮ ಭೌತಶಾಸ್ತ್ರದ ಪಾಠಕ್ಕೇ ಸೇರಿದುದು. ಲ್ಯಾಪರೊಸ್ಕೋಪಿಯಲ್ಲಿ ಕರುಳನ್ನು ಕೂಡಿಸಲು ಬಳಸುವ ಸ್ಟೇಪ್ಲರಿನ ಹಿಡಿಯು ಒಂದು ಸನ್ನೆಕೋಲು. ಒಮ್ಮೆ ಅದುಮಲು 2 ಜೂಲ್ ಕೆಲಸ ಬೇಕೆಂದು ಭಾವಿಸೋಣ. ಹಿಡಿಯು 2 ಸೆಂ.ಮೀ. ಚಲಿಸುವುದಾದರೆ ಸರಾಸರಿ 100 ನ್ಯೂಟನ್ ಬಲ ಬೇಕು, 4 ಸೆಂ.ಮೀ. ಚಲಿಸುವುದಾದರೆ 50 ನ್ಯೂಟನ್ ಸಾಕು. ಬಲದಲ್ಲಿ ಉಳಿತಾಯವಾದುದನ್ನು ದೂರದಲ್ಲಿ ತೆರಬೇಕು. ಎಂದರೆ ಹಿಡಿಯು ಹೆಚ್ಚು ಅಗಲವಾಗಿ ತೆರೆಯಬೇಕು. ಆದರೆ ಬೆರಳುಗಳು ಪೂರ್ಣ ಚಾಚಿದಾಗ ಹಿಡಿತದ ಬಲವೇ ಕುಗ್ಗುತ್ತದೆ. ಒಂದೇ ಕೈಯಿಂದ ತೆಂಗಿನಕಾಯಿಯನ್ನೊಮ್ಮೆ, ಮಾವಿನಕಾಯಿಯನ್ನೊಮ್ಮೆ ಅದುಮಿ ನೋಡಿದರೆ ಇದು ನಿಮಗೇ ಮನದಟ್ಟಾಗುವುದು. ಹೀಗೆ ದೊಡ್ಡ ಕೈಗೆ ಅನುಕೂಲವಾದುದೇ ಸಣ್ಣ ಕೈಗೆ ಭಾರವಾಗುತ್ತದೆ. 726 ಶಸ್ತ್ರವೈದ್ಯರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಚಿಕ್ಕ ಅಳತೆಯ ಕೈಗವಸು ಧರಿಸುವವರೇ ಉಪಕರಣಗಳಿಂದ ಹೆಚ್ಚು ತೊಂದರೆಯಾಗುವುದೆಂದು ತಿಳಿಸಿದ್ದರು. ಸಣ್ಣ ಕೈಯ ಪುರುಷರಿಗೂ ಈ ಕಷ್ಟ ತಪ್ಪಿದ್ದಲ್ಲ. ಆದರೆ ಸ್ತ್ರೀಯರಲ್ಲಿ ಅಂಥ ಕೈಗಳೇ ಹೆಚ್ಚು.

ಕೈ ನೋಯುತ್ತಿರುವಾಗ, ಆ ನೋವನ್ನು ತನ್ನದೇ ಅಸಾಮರ್ಥ್ಯವೆಂದು ಬಗೆದಾಗ, ವೃತ್ತಿಯಲ್ಲಿ ತೃಪ್ತಿ ಹೇಗೆ ಉಳಿದೀತು? ಪರಿಹಾರವಿಲ್ಲದೆ ಇಲ್ಲ. ವಿದ್ಯುತ್ ಮೋಟಾರಿನ ಸ್ಟೇಪ್ಲರುಗಳು ಈಗ ಬಳಕೆಯಲ್ಲಿವೆ. ಅವುಗಳಲ್ಲಿ ಅದುಮುವ ಕೆಲಸ ಮೋಟಾರಿನದು, ನಿರ್ಧಾರ ಮಾತ್ರ ಶಸ್ತ್ರವೈದ್ಯರದು. ಉಪಕರಣದ ದೋಷವನ್ನು ಯಂತ್ರಶಾಸ್ತ್ರ ತಿದ್ದಬಲ್ಲುದು. ಅವಕಾಶಗಳನ್ನು ಹಂಚುವಲ್ಲಿನ ದೋಷವನ್ನು ತಿದ್ದಬೇಕಾದವರು ಮನುಷ್ಯರೇ. ಶಸ್ತ್ರವೈದ್ಯೆಯಾಗಬಯಸುವ ವಿದ್ಯಾರ್ಥಿನಿಯು ತನ್ನ ಕೈಯನ್ನು ಹಳಿಯುವ ಮುನ್ನ ಸನ್ನೆಕೋಲನ್ನು ಪರೀಕ್ಷಿಸಲಿ.