ಎದೆಯಲ್ಲಿ ನೀರು: ಎಲ್ಲಿಂದ ಬಂತು?

"ಅವರ ಎದೆಯಲ್ಲಿ ನೀರು ತುಂಬಿದೆಯಂತೆ" ಎಂದು ದೊಡ್ಡವರು ಮಾತಾಡಿಕೊಳ್ಳುವುದನ್ನು ಕೇಳಿರಬಹುದು. ಆಸ್ಪತ್ರೆಯ ಚೀಟಿಯಲ್ಲಿ ಇದನ್ನೇ 'ಪ್ಲೂರಲ್ ಎಫ್ಯೂಷನ್' ಎಂದು ಬರೆಯುತ್ತಾರೆ. ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ, ಎದೆಗಲ್ಲ. ಹಾಗಾದರೆ ಇದು ಯಾವ ನೀರು?

ಶ್ವಾಸಕೋಶದ ಸುತ್ತ ಪ್ಲೂರಾ ಎಂಬ ತೆಳು ಹೊದಿಕೆ ಇದೆ. ಅದಕ್ಕೆ ಎರಡು ಪದರ. ಒಳಪದರ ಶ್ವಾಸಕೋಶಕ್ಕೆ, ಹೊರಪದರ ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ. ನಡುವೆ ಆರೋಗ್ಯವಂತರಲ್ಲೂ ಸುಮಾರು 10ರಿಂದ 20 ಮಿಲಿಲೀಟರ್ ದ್ರವ ಇರುತ್ತದೆ. ಎರಡು ಗಾಜಿನ ಸ್ಲೈಡ್‌ಗಳ ನಡುವೆ ಒಂದು ಹನಿ ನೀರು ಹಾಕಿ ನೋಡಿ. ಒಂದರ ಮೇಲೊಂದು ಜಾರುತ್ತವೆ, ಆದರೆ ಎಳೆದರೆ ಬೇಗ ಬಿಡುವುದಿಲ್ಲ. ಉಸಿರಾಡುವಾಗ ಶ್ವಾಸಕೋಶ ಉಜ್ಜದೆ ಜಾರುವುದೂ, ಎದೆಗೂಡಿನ ಜೊತೆಗೇ ಹಿಗ್ಗುವುದೂ ಹೀಗೆಯೇ.

ಈ ದ್ರವ ರಕ್ತನಾಳಗಳಿಂದ ಜಿನುಗುತ್ತದೆ. ದುಗ್ಧರಸ ನಾಳಗಳು ಅದನ್ನು ಹೀರಿಕೊಳ್ಳುತ್ತವೆ. ಬರುವುದು ಹೆಚ್ಚಾದರೆ, ಇಲ್ಲವೇ ಹೋಗುವ ದಾರಿ ಕಟ್ಟಿದರೆ, ದ್ರವ ಅಲ್ಲೇ ನಿಲ್ಲುತ್ತದೆ. ಗಮನಿಸಿ: ನೀರು ಶ್ವಾಸಕೋಶದ ಒಳಗಲ್ಲ, ಹೊರಗೆ. ಆದರೂ ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಸಾಲದೆ ಏದುಸಿರು ಬರುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ವಿಧ.

1. ಟ್ರಾನ್ಸುಡೇಟ್: ಪ್ರೋಟೀನ್ ಕಡಿಮೆ ಇರುವ ದ್ರವ. ಇಲ್ಲಿ ಪ್ಲೂರಾಕ್ಕೆ ರೋಗವಿಲ್ಲ, ತೊಂದರೆ ಬೇರೆ ಕಡೆ ಇದೆ. ಹೃದಯ ಸೋತರೆ ರಕ್ತನಾಳಗಳಲ್ಲಿ ಒತ್ತಡ ಏರಿ ನೀರು ಜಿನುಗುತ್ತದೆ. ಕೆಲವು ಮೂತ್ರಪಿಂಡ ರೋಗಗಳಲ್ಲಿ, ನೀರನ್ನು ನಾಳದೊಳಗೆ ಹಿಡಿದಿಡುವ ಆಲ್ಬುಮಿನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದರೆ, ವಪೆಯ ಸಣ್ಣ ರಂಧ್ರಗಳ ಮೂಲಕ ಅದು ಎದೆಗೂ ಬರಬಹುದು.

2. ಎಕ್ಸುಡೇಟ್: ಪ್ರೋಟೀನ್ ಹೆಚ್ಚಿರುವ ದ್ರವ. ಸಾಮಾನ್ಯವಾಗಿ ಪ್ಲೂರಾಕ್ಕೇ ರೋಗ ತಗಲಿರುತ್ತದೆ. ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್ ಮುಖ್ಯ ಕಾರಣಗಳು. ಕೀವು ತುಂಬಿದರೆ ಅದು ಎಂಪೈಮಾ.

ಪೆಟ್ಟು ಬಿದ್ದು ಅಲ್ಲಿ ರಕ್ತ ತುಂಬುವುದೂ ಉಂಟು. ಅದಕ್ಕೆ ಹೀಮೋಥೊರಾಕ್ಸ್ ಎನ್ನುತ್ತಾರೆ.

ವಿಧ ತಿಳಿಯಲು ವೈದ್ಯರು ಸೂಜಿಯಿಂದ ಸ್ವಲ್ಪ ದ್ರವ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದರ ಪ್ರೋಟೀನ್ ರಕ್ತದ ಪ್ರೋಟೀನ್‌ನ ಅರ್ಧಕ್ಕಿಂತ ಹೆಚ್ಚಿದ್ದರೆ ಎಕ್ಸುಡೇಟ್ ಎಂದು ಎಣಿಸುತ್ತಾರೆ. ರಿಚರ್ಡ್ ಲೈಟ್ ಎಂಬ ವೈದ್ಯರು 1972ರಲ್ಲಿ ಪ್ರಕಟಿಸಿದ ಅಳತೆಗೋಲುಗಳಲ್ಲಿ ಇದೂ ಒಂದು.

ನೀರು ತೆಗೆಸಿದರೆ ಉಸಿರು ಹಗುರಾಗುತ್ತದೆ. "ಇನ್ನೇನು, ವಾಸಿಯಾಯ್ತಲ್ಲ" ಅಂತ ಕೂತರೆ ಮತ್ತೆ ತುಂಬಬಹುದು, ಏಕೆಂದರೆ ನೀರು ಬರೀ ಲಕ್ಷಣ. ರೋಗ ಬೇರೆಯೇ ಇದೆ. ಕ್ಷಯವಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ನಡುವೆ ಬಿಡಬಾರದು. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಅಥವಾ ಜ್ವರ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ. ಅಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ.

ಮಾಡಿ ನೋಡಿ

1. ರಕ್ತದ ಪ್ರೋಟೀನ್ 7 ಗ್ರಾಂ, ಎದೆಯ ದ್ರವದ ಪ್ರೋಟೀನ್ 4.2 ಗ್ರಾಂ (ಎರಡೂ 100 ಮಿಲಿಲೀಟರ್‌ಗೆ). ಇದು ಯಾವ ವಿಧ?

2. ಅರ್ಧ ನೀರಿರುವ ಡ್ರಮ್ಮನ್ನು ಮೇಲಿಂದ ಕೆಳಗೆ ಬೆರಳಿನಿಂದ ತಟ್ಟುತ್ತಾ ಬನ್ನಿ. ಸದ್ದು ಎಲ್ಲಿ ಬದಲಾಯಿತು? ವೈದ್ಯರು ರೋಗಿಯ ಬೆನ್ನು ತಟ್ಟಿ ನೋಡುವುದೇಕೆ?