ಗೆದ್ದವನ ಕೈ, ಸೋತವನ ತಲೆ

ಬೆಳಗಾವಿಯಲ್ಲಿ ಜೂಡೊ ಕಲಿಸುವವನ ಮುಂದೆ ಎರಡು ಲೋಕಗಳಿರುತ್ತವೆ. ಒಂದು, ಜಪಾನಿನಿಂದ ಬಂದ ಆಟ. ಬಾಗಿ ವಂದಿಸಿ ಶುರುವಾಗುತ್ತದೆ, ಬಾಗಿ ವಂದಿಸಿ ಮುಗಿಯುತ್ತದೆ. ಇನ್ನೊಂದು, ಸುತ್ತಲಿನ ಹಳ್ಳಿಗಳ ಕುಸ್ತಿ ತಾಲೀಮುಗಳಿಂದ ಬರುವ ಮಕ್ಕಳು. ಹಲಗಿ ಸದ್ದಿಗೆ ತೊಡೆ ತಟ್ಟಿ ಕಣಕ್ಕಿಳಿಯುವ ಪೈಲ್ವಾನರ ಮನೆಯವರು. ಇವೆರಡರ ನಡುವೆ ನಿಂತು ಕಲಿಸುತ್ತ, ಆಟಗಾರನ ಆತ್ಮವಿಶ್ವಾಸ ಎಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬ ಬಗ್ಗೆ ನನಗೆ ತಿಳಿದುಬಂದದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸ ಕೋಚ್‌ಗಳು ಓದಲಿ. ಆಯ್ಕೆ ಸಮಿತಿಗಳಲ್ಲಿ ಕೂರುವವರು ತಪ್ಪದೆ ಓದಲಿ.

1. ತೊಡೆ ತಟ್ಟುವುದೂ ಒಂದು ಮರ್ಯಾದೆ

ತಾಲೀಮಿನಿಂದ ಬಂದ ಹುಡುಗ ಮೊದಲ ದಿನ ಮ್ಯಾಟಿನ ಅಂಚಿಗೆ ಬಂದು ತೊಡೆ ತಟ್ಟುತ್ತಾನೆ. ಇದನ್ನು ಸೊಕ್ಕು ಎಂದು ಬೈಯುವ ಕೋಚ್‌ಗಳಿದ್ದಾರೆ. ಆದರೆ ಕುಸ್ತಿ ನಡೆಯುವುದು ಬಯಲಿನಲ್ಲಿ, ಸಾವಿರಾರು ಜನರ ನಡುವೆ. ಜೋಡಿ ಕಟ್ಟುವುದೇ ಸವಾಲು ಹಾಕಿ, ಸವಾಲು ಒಪ್ಪಿ. ಆ ಸದ್ದು ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು. ಅದೇ ಹುಡುಗ ಕಣಕ್ಕೆ ಇಳಿಯುವ ಮೊದಲು ಕೆಮ್ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ, ಕೈಕುಲುಕುವ ಹೊತ್ತಿಗೆ ಎದುರಾಳಿಯ ಕೈಗೂ ಮಣ್ಣು ಹಾಕುತ್ತಾನೆ. ಸವಾಲೂ ವಿನಯವೂ ಅಲ್ಲಿ ಒಂದೇ ಆಚರಣೆಯ ಭಾಗಗಳು.

ಜೂಡೊ ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಕಾನೊ ಜಿಗೊರೊ 1882ರಲ್ಲಿ ಕೊಡೊಕಾನ್ ಆರಂಭಿಸಿದ್ದು ಶಿಕ್ಷಣದ ಕನಸಿನಿಂದ. ಅಲ್ಲಿ ಎದುರಾಳಿ ಎಂದರೆ ತನ್ನ ಮೈಯನ್ನು ನಮ್ಮ ಕಲಿಕೆಗೆ ಒಪ್ಪಿಸಿದವನು. ಆದ್ದರಿಂದ ವಂದನೆ. ಹುಡುಗನಿಗೆ ನಾನು ಹೇಳುವುದು ಇಷ್ಟೇ: ತೊಡೆ ತಟ್ಟೋದು ಗೆರೆ ಹೊರಗ, ಒಳಗ ಬಂದಮ್ಯಾಗ ಬಾಗು. ಎರಡನ್ನೂ ಅವನು ಸಲೀಸಾಗಿ ಕಲಿಯುತ್ತಾನೆ. ತಟ್ಟುವುದನ್ನೇ ಬಿಡಿಸಿದರೆ ಅವನ ಉಸಿರಿನ ಲಯವೇ ಕೆಡುತ್ತದೆ.

2. ಒಂದೇ ಮೈ, ಎರಡು ನಾಡು

ಮಂಗೋಲಿಯಾದ ಬೋಖ್ ಕುಸ್ತಿಯಲ್ಲಿ ಗೆದ್ದವನು ತೋಳು ಚಾಚಿ ಗರುಡನಂತೆ ಕುಣಿಯುತ್ತಾನೆ. ಸೋತವನು ಅವನ ತೋಳಿನ ಕೆಳಗೆ ಹಾದುಹೋಗುತ್ತಾನೆ. ಯಾರಿಗೂ ಅವಮಾನವಿಲ್ಲ. ಅದೇ ಮಂಗೋಲಿಯಾದ ಅಸಶೋರ್ಯು ಜಪಾನಿಗೆ ಹೋಗಿ ಸುಮೊದ ಅತ್ಯುನ್ನತ ಪದವಿಯಾದ ಯೊಕೊಜುನಾ ಆದ. 2009ರ ಜನವರಿಯ ಟೂರ್ನಿ ಗೆದ್ದು ಎರಡೂ ಕೈ ಮೇಲೆತ್ತಿದಾಗ ಯೊಕೊಜುನಾನ ಘನತೆಗೆ ಇದು ತಕ್ಕದ್ದಲ್ಲ ಎಂಬ ಟೀಕೆ ಬಂತು. 2021ರ ಜುಲೈಯಲ್ಲಿ ಹಕುಹೊ ತನ್ನ 45ನೆಯ ಪ್ರಶಸ್ತಿ ಗೆದ್ದು ಮುಷ್ಟಿ ಬಿಗಿದು ಕೂಗಿದಾಗಲೂ ಹಾಗೆಯೇ ಆಯಿತು. ಅವನೂ ಮಂಗೋಲಿಯಾದವನೇ. ಜಪಾನಿನ ಕೆಂಡೊದಲ್ಲಂತೂ ಅಂಕ ಪಡೆದವನು ಬೀಗಿದರೆ ಆ ಅಂಕವನ್ನೇ ರದ್ದು ಮಾಡುವ ನಿಯಮವಿದೆ.

ಹುಟ್ಟೂರಿನಲ್ಲಿ ಸಂಪ್ರದಾಯವಾದದ್ದು ಇನ್ನೊಂದು ನೆಲದಲ್ಲಿ ಅಪಚಾರವಾಗುತ್ತದೆ. ಹೊರಗೆ ಆಡಲು ಹೋಗುವ ಮಕ್ಕಳಿಗೆ ಆ ನೆಲದ ರೀತಿಯನ್ನು ಮೊದಲೇ ಹೇಳಿ ಕಳಿಸಬೇಕು. ಪಂದ್ಯ ಮುಗಿದ ಮೇಲೆ ಹೇಳುವ ಬುದ್ಧಿಮಾತು ನೋಯಿಸುತ್ತದೆಯೇ ಹೊರತು ಕಲಿಸುವುದಿಲ್ಲ.

3. ಮೈ ಮೊದಲು, ಊರಿನ ರೀತಿ ಆಮೇಲೆ

ಜೂಡೊ ಕಲಿಸುವವರೆಲ್ಲ ತಿಳಿಯಬೇಕಾದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಜೆಸ್ಸಿಕಾ ಟ್ರೇಸಿ ಮತ್ತು ಡೇವಿಡ್ ಮಾಟ್ಸುಮೊಟೊ ಎಂಬ ಮನಶ್ಶಾಸ್ತ್ರಜ್ಞರು 2004ರ ಅಥೆನ್ಸ್ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಜೂಡೊ ಪಟುಗಳ ಫೋಟೊಗಳನ್ನು ಪರಿಶೀಲಿಸಿದರು. ಪಂದ್ಯ ಮುಗಿದ ಕೂಡಲೇ ಗೆದ್ದವರ ಮೈ ಏನು ಮಾಡುತ್ತದೆ, ಸೋತವರ ಮೈ ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆ. ಗೆದ್ದವರ ತಲೆ ಹಿಂದಕ್ಕೆ ವಾಲುತ್ತದೆ, ಎದೆ ಉಬ್ಬುತ್ತದೆ, ತೋಳು ಮೇಲೇಳುತ್ತದೆ. ಹಲವು ದೇಶಗಳವರಲ್ಲಿ ಇದೇ ಕಂಡಿತು. ಹುಟ್ಟುಕುರುಡರಲ್ಲೂ ಇದೇ. ಯಾರ ಸಂಭ್ರಮವನ್ನೂ ಕಣ್ಣಾರೆ ಕಾಣದವರು ಇದನ್ನು ಯಾರಿಂದ ನೋಡಿ ಕಲಿತಾರು?

ಸೋತವರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಹೆಗಲು ಕುಸಿಯುವುದು, ಎದೆ ಒಳಸೇರುವುದು ಹೆಚ್ಚಿನವರಲ್ಲಿ ಇತ್ತು. ಆದರೆ ವ್ಯಕ್ತಿಯ ಸ್ವಂತಿಕೆಗೆ ಹೆಚ್ಚು ಬೆಲೆ ಕೊಡುವ ನಾಡುಗಳ, ವಿಶೇಷವಾಗಿ ಪಾಶ್ಚಾತ್ಯ ದೇಶಗಳ, ಕಣ್ಣಿರುವ ಆಟಗಾರರಲ್ಲಿ ಅದು ಕಡಿಮೆ. ಹುಟ್ಟುಕುರುಡರಲ್ಲಿ ಹಾಗೆ ತಡೆಹಿಡಿಯುವುದು ಕಾಣಲಿಲ್ಲ. ನಾಚಿಕೆಯನ್ನು ಹೊರಗೆ ತೋರದಿರುವುದು ಕಲಿತ ವಿದ್ಯೆ ಎಂದು ಇದರಿಂದ ಊಹಿಸಬಹುದು.

ಇದರಿಂದ ನಾನು ಪಡೆದ ಪಾಠ ದೊಡ್ಡದು. 2016ರ ರಿಯೊದಲ್ಲಿ 73 ಕೆ.ಜಿ. ವಿಭಾಗದ ಚಿನ್ನ ಗೆದ್ದ ಜಪಾನಿನ ಒನೊ ಶೊಹೆಯ್ ಮ್ಯಾಟಿನ ಮೇಲೆ ನಗಲೂ ಇಲ್ಲ. ಆಳವಾಗಿ ಬಾಗಿ ವಂದಿಸಿದ, ಇಳಿದುಬಂದ. ಸಂತೋಷ ಅವನೊಳಗೂ ಅಷ್ಟೇ ಉಕ್ಕಿರುತ್ತದೆ. ಅದನ್ನು ತಡೆದು ನಿಲ್ಲಿಸಲು ಎಳವೆಯಿಂದ ಪಳಗಿಸಿದ ಮೈ ಬೇಕು. ಹಾಗೆಯೇ, ಸೋತ ಮೇಲೂ ತಲೆಯೆತ್ತಿ ನಡೆದುಹೋಗುವ ಪಾಶ್ಚಾತ್ಯ ಆಟಗಾರನಿಗೆ ಸೋಲು ಚುಚ್ಚಿಲ್ಲ ಎನ್ನಲಾಗದು. ಅವನೂ ಪಳಗಿದ್ದಾನೆ, ಬೇರೆ ದಿಕ್ಕಿನಲ್ಲಿ.

4. ಬಾಗುವುದೂ ಶಕ್ತಿಯ ಪ್ರದರ್ಶನವೇ

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಬಾರಿ ಸೇರಿತು. ಮುಕ್ತ ವಿಭಾಗದ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೇಸಿಂಕ್ ನಿಪ್ಪಾನ್ ಬುಡೊಕಾನ್‌ನಲ್ಲಿ, ಜಪಾನಿಯರ ಕಣ್ಣೆದುರೇ, ಕಾಮಿನಾಗ ಅಕಿಯೊನನ್ನು ನೆಲಕ್ಕೆ ಒತ್ತಿಹಿಡಿದು ಸೋಲಿಸಿದ. ಡಚ್ ಅಭಿಮಾನಿಗಳು ಮ್ಯಾಟಿನತ್ತ ನುಗ್ಗಿದರು. ಗೇಸಿಂಕ್ ಕೈಯೆತ್ತಿ ಅವರನ್ನು ತಡೆದ, ವಂದನೆ ಮುಗಿಸಿದ. ಗೆಲುವಿಗಿಂತ ಹೆಚ್ಚಾಗಿ ಆ ಕೈಯನ್ನು ಜಪಾನ್ ನೆನಪಿಟ್ಟುಕೊಂಡಿದೆ. ಪರಕೀಯನೊಬ್ಬ ಆ ಆಟದ ಭಾಷೆಯಲ್ಲೇ ತಾನು ಯಾರೆಂದು ಹೇಳಿದ್ದ. ಅಬ್ಬರಿಸುವವನಿಗಿಂತ ತಡೆದವನ ಗಟ್ಟಿತನ ಕಡಿಮೆಯೇ?

ನಮ್ಮವರಲ್ಲಿ ಅನಿಲ್ ಕುಂಬ್ಳೆ ಅವರನ್ನು ನೆನೆಯಿರಿ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ಪಡೆದರು. ಅದಕ್ಕಿಂತ ದೊಡ್ಡ ಘೋಷಣೆ ಯಾವುದಿದೆ?

5. ಎದುರಾಳಿಯ ಮುಖ ನೋಡಬೇಡಿ, ಕೈ ನೋಡಿ

ರಾಷ್ಟ್ರೀಯ ಕೂಟಗಳಲ್ಲಿ ನಮ್ಮ ಮಕ್ಕಳು ವಾರ್ಮ್‌ಅಪ್ ಜಾಗದಲ್ಲೇ ಸೋಲುವುದುಂಟು. ಎದುರಿನ ಹುಡುಗ ಗದ್ದಲ ಮಾಡುತ್ತ, ಎದೆ ಬಡಿದುಕೊಳ್ಳುತ್ತ ಬಂದರೆ, "ಸರ, ಅಂವ ಭಾಳ ಜೋರ್ ಅದಾನ್ರಿ" ಅನ್ನುತ್ತಾರೆ. ಮೆಲ್ಲಗೆ ನಗುತ್ತ ಬಂದ ಮಣಿಪುರದ ಹುಡುಗಿಯನ್ನು ಕಂಡು ನಿರಾಳವಾಗುತ್ತಾರೆ. ಭಾರತಕ್ಕೆ ಜೂಡೊದಲ್ಲಿ ಮೊದಲ ವಿಶ್ವ ಪ್ರಶಸ್ತಿ ತಂದವಳು ಮಣಿಪುರದ ಲಿಂಥೋಯ್ ಚನಂಬಮ್. 2022ರಲ್ಲಿ ಸರಾಯೆವೊದಲ್ಲಿ ನಡೆದ ಕೆಡೆಟ್ ಕೂಟದಲ್ಲಿ, 57 ಕೆ.ಜಿ. ವಿಭಾಗದಲ್ಲಿ. ಗದ್ದಲವಾಗಲಿ ಮೌನವಾಗಲಿ ತರಬೇತಿ ಮನೆಯ ರೂಢಿ. ರಕ್ತದ ಗುಣವಲ್ಲ, ರಾಜ್ಯದ ಗುಣವೂ ಅಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಳ್ಳುವುದು ಬೇರೆ. ಮೊದಲ ಹಿಡಿತ ಯಾರದ್ದು? ವಾಜಾ-ಆರಿ (ಅರ್ಧ ಅಂಕ) ಕೊಟ್ಟ ಮೇಲೆ ಮತ್ತೆ ದಾಳಿ ಮಾಡಲು ಎಷ್ಟು ಹೊತ್ತು ಹಿಡಿಯಿತು? ರೆಫರಿ ತಡೆದಾಗ ತನ್ನ ಜಾಗಕ್ಕೆ ಹೇಗೆ ಹಿಂದಿರುಗಿದ, ಬೆಲ್ಟ್ ಸರಿಮಾಡಿಕೊಳ್ಳುವ ನೆಪದಲ್ಲಿ ಹೊತ್ತು ಕಳೆದನೇ? ಶಿದೋ (ದಂಡ) ಬಿದ್ದ ಮೇಲೆ ಪಟ್ಟು ಬದಲಿಸಿದನೇ? ನಿಜವಾದ ಧೈರ್ಯ ಇಲ್ಲಿ ಸಿಗುತ್ತದೆ. ಇದನ್ನು ಮಕ್ಕಳಿಗೂ ನೋಡಲು ಕಲಿಸಿದ್ದೇನೆ. ಈಗ ಅವರು ಎದುರಾಳಿಯ ಹಿಂದಿನ ಪಂದ್ಯದ ವಿಡಿಯೊದಲ್ಲಿ ಎಡಗೈಯೋ ಬಲಗೈಯೋ ಎಂದು ಹುಡುಕುತ್ತಾರೆ. ಅವನ ಗದ್ದಲ ಅವರ ಕಿವಿಗೇ ಬೀಳುವುದಿಲ್ಲ.

6. ಅಳುವವರನ್ನು ಅಳಲು ಬಿಡಿ

2024ರ ಪ್ಯಾರಿಸ್‌ನಲ್ಲಿ, ಟೋಕಿಯೊದ ಚಿನ್ನ ಗೆದ್ದಿದ್ದ ಅಬೆ ಉತ ಎರಡನೆಯ ಸುತ್ತಿನಲ್ಲೇ ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೊರೊವಾ ಎದುರು ಇಪ್ಪಾನ್ (ಪೂರ್ಣ ಅಂಕ) ಕೊಟ್ಟು ಸೋತಳು. ಇಡೀ ಅಂಗಣ ಕೇಳುವಂತೆ ಬಿಕ್ಕಿ ಬಿಕ್ಕಿ ಅತ್ತಳು. ಪ್ರೇಕ್ಷಕರು ಅವಳ ಹೆಸರು ಕೂಗಿ ಸಮಾಧಾನ ಹೇಳಿದರು. ಅವಳ ನಾಡಿನಲ್ಲೇ ಅಭಿಪ್ರಾಯ ಎರಡಾಯಿತು: ಮರುಕ ಪಟ್ಟವರೂ ಇದ್ದರು, ಜೂಡೊದ ಶಿಸ್ತು ಮೀರಿದಳೆಂದವರೂ ಇದ್ದರು. ನಾನು ಮರುಕ ಪಟ್ಟವರ ಕಡೆ. ವಂದನೆ ಮುಗಿಸಲಿ, ಮ್ಯಾಟ್ ಬಿಟ್ಟು ಬರಲಿ, ಆಮೇಲೆ ಎಷ್ಟು ಬೇಕಾದರೂ ಅಳಲಿ. ಅತ್ತವರು ಮರುದಿನ ಬೇಗ ಬರುವುದನ್ನು ಕಂಡಿದ್ದೇನೆ.

7. "ನೋಡೂನ್ರಿ ಸರ" ಅನ್ನುವ ಹುಡುಗಿಯ ಬಗ್ಗೆ

ಈ ಬರಹಕ್ಕೆ ಕೂತದ್ದೇ ಇದನ್ನು ಹೇಳಲು. ನಮ್ಮ ಕಡೆ ಪಂದ್ಯಕ್ಕೆ ಮುಂಚೆ "ಗೆದ್ದೇ ಗೆಲ್ತೀನಿ" ಅನ್ನುವ ರೂಢಿ ಹಲವು ಮನೆಗಳಲ್ಲಿಲ್ಲ. ಅವ್ವ ದೃಷ್ಟಿ ತಾಗುತ್ತದೆ ಅನ್ನುತ್ತಾಳೆ. ಹಿರಿಯರೆದುರು ಕಣ್ಣಿಗೆ ಕಣ್ಣಿಟ್ಟು ಮಾತಾಡಬಾರದು ಎಂದು ಕಲಿತಿರುತ್ತಾರೆ. ಹೆಣ್ಣುಮಕ್ಕಳಿಗೆ ಈ ಪಾಠ ಇನ್ನೂ ಬಿಗಿ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೊಗಳಿ ಬೆಳೆಸಿದ ಮಗುವನ್ನು ಹದಿನಾರನೆಯ ವಯಸ್ಸಿಗೆ ಆಯ್ಕೆಗೆಂದು ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ, ಪದಕ ತರುತ್ತೀಯಾ ಎಂದು ಕೇಳಿದರೆ ಅದು ನೆಲ ನೋಡುತ್ತ, "ನೋಡೂನ್ರಿ ಸರ" ಅನ್ನುತ್ತದೆ. ಎದುರಿಗೆ ಕೂತವರು ಹಾಳೆಯಲ್ಲಿ ಬರೆಯುತ್ತಾರೆ: ಆತ್ಮವಿಶ್ವಾಸದ ಕೊರತೆ.

ಹೀಗೆ ಬರೆಸಿಕೊಂಡು ಕ್ರೀಡಾ ಹಾಸ್ಟೆಲ್ ಸೀಟು ಕಳೆದುಕೊಂಡ ಹುಡುಗಿಯರು ನನ್ನ ಕೈಯಲ್ಲಿ ಕಲಿತವರಲ್ಲಿದ್ದಾರೆ. ತನಗಿಂತ ಮೇಲಿನ ತೂಕದವರನ್ನು ದಿನಾ ಎತ್ತಿ ಒಗೆಯುತ್ತಿದ್ದವರು. ಪಟಪಟನೆ ಇಂಗ್ಲಿಷಿನಲ್ಲಿ "ಹಂಡ್ರೆಡ್ ಪರ್ಸೆಂಟ್ ಸರ್" ಅಂದವರಿಗೆ ಆ ಜಾಗ ಸಿಕ್ಕಿತು. ಸಿಕ್ಕವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಮಕ್ಕಳೇ. ಆದರೆ ಕೋಣೆಯಲ್ಲಿ ಮಾತು ಕೇಳಿ ಧೈರ್ಯ ಅಳೆಯುವುದು ಅನ್ಯಾಯ. ಆಯ್ಕೆದಾರರೇ, ಅವಳನ್ನು ಮ್ಯಾಟಿಗೆ ಕರೆದೊಯ್ಯಿರಿ. ಮೊದಲು ಒಂದು ಸಲ ಬೀಳಿಸಿ. ಎದ್ದು ನಿಂತ ಮೇಲೆ ಅವಳ ಕೈ ಕಾಲರ್ ಹುಡುಕಿ ಹೋಗುತ್ತದೆಯೇ ನೋಡಿ.

8. ಕೂಗನ್ನು ಉಸಿರಾಗಿ ಕಲಿಸಿ

ಕಿಯಾಯ್, ಅಂದರೆ ಒಗೆಯುವಾಗಿನ ಕೂಗು, ಹುಡುಗಿಯರಿಗೆ ಬರುವುದೇ ಕಷ್ಟ. "ಆ್ಯಟಿಟ್ಯೂಡ್ ತೋರಿಸು" ಅಂದರೆ ಇನ್ನಷ್ಟು ಮುದುಡುತ್ತಾರೆ. ಜೋರಾಗಿ ಉಸಿರು ಬಿಟ್ಟರೆ ಹೊಟ್ಟೆ ಬಿಗಿಯಾಗುತ್ತದೆ, ನಡು ಗಟ್ಟಿಯಾಗುತ್ತದೆ ಎಂದು ವಿವರಿಸಿದರೆ ಅಭ್ಯಾಸ ಮಾಡುತ್ತಾರೆ. ಕೆಲವು ವಾರಗಳಲ್ಲಿ ಉಸಿರಿನ ಜೊತೆ ದನಿಯೂ ಬರುತ್ತದೆ.

9. ಕೋಣೆಗೂ ಒಂದು ಪಟ್ಟು ಬೇಕು

ಸಮಿತಿಗಳು ಬದಲಾಗುವವರೆಗೆ ಮಕ್ಕಳು ಕಾಯಲಾರರು. ಗೆಲ್ಲುತ್ತೀಯಾ ಎಂದು ಕೇಳಿದರೆ ಏನು ಮಾಡುತ್ತೀ ಎಂಬುದನ್ನು ಹೇಳು ಎಂದು ಅಭ್ಯಾಸ ಮಾಡಿಸುತ್ತೇನೆ. "ಎಡಗೈ ಹಿಡಿತ ಮೊದಲು ತಗೋತೀನ್ರಿ. ಅಂವ ಹಿಂದ ಸರಿದ್ರ ಒಳಗಿನ ಕಾಲು ಹೊಡೀತೀನಿ. ಮುಂದ ಬಂದ್ರ ಹೆಗಲ ಮ್ಯಾಲಿಂದ ಒಗೀತೀನಿ." ಇದರಲ್ಲಿ ಅವ್ವ ಹೆದರುವಂಥ ಜಂಬವಿಲ್ಲ. ಮೇಜಿನ ಆಚೆ ಕೂತವರಿಗೂ ಬರೆದುಕೊಳ್ಳಲು ಏನಾದರೂ ಸಿಗುತ್ತದೆ. ಕನ್ನಡದಲ್ಲೇ ಹೇಳಲಿ, ಧಾರಾಳವಾಗಿ ಕೈಯಾಡಿಸಿ ಪಟ್ಟು ತೋರಿಸುತ್ತ ಹೇಳಲಿ. ಪಟ್ಟಿನ ಮಾತು ಬಂದಾಗ ನಾನು ಕಲಿಸಿದ ಮಕ್ಕಳ್ಯಾರೂ ನೆಲ ನೋಡಿದ್ದಿಲ್ಲ.